ಬಿಸಿಲಿಗಿಟ್ಟ ಪಾಚಿ

ಮಾರ್ಚ್ 3, ಬೆಳಿಗ್ಗೆ
ಲ್ಯಾಬಿನಲ್ಲಿ ಎರಡು ಫ್ಲಾಸ್ಕ್ ಅಲ್ಲಾಡಿಸಿದೆ. ಎರಡೂ ಹಸಿರು. ಒಂದು ಮಾಮೂಲಿ ಪಾಚಿ. ಇನ್ನೊಂದರಲ್ಲಿ ಒಂದು ಪುಟ್ಟ ಪ್ರೋಟೀನಿನ ಜೀನ್ ಕಿತ್ತಿದ್ದೇನೆ — ಬೆಳಕು ಹಿಡಿಯುವ ದೊಡ್ಡ ಯಂತ್ರದ ಮೂಲೆಯಲ್ಲಿ ಕೂರುವ ತುಣುಕು. ವ್ಯತ್ಯಾಸವೇ ಇಲ್ಲ. ಮೂರು ವರ್ಷದ ದುಡಿಮೆ!
ಗೈಡ್ ಪಟ್ಟಾಭಿರಾಮ ಸಾರ್: "ಅದಿಲ್ಲದಿದ್ರೂ ನಡೆಯುತ್ತಲ್ಲಮ್ಮ ಯಶೋಧರಾ. ಥೀಸಿಸ್‌ನಿಂದ ಆ ಅಧ್ಯಾಯ ತೆಗೆದುಬಿಡು."
ತೆಗೆದರೆ ಉಳಿಯುವುದು ಬರೀ ರಟ್ಟು.
'ಇಲ್ಲದಿದ್ರೂ ನಡೆಯುತ್ತೆ' — ನಮ್ಮ ಕೇರಿ ಕೇಳಿ ಕೇಳಿ ಸವೆದ ಮಾತು. ಬೀದಿಯಲ್ಲಾದರೆ ಧಿಕ್ಕಾರ ಕೂಗುತ್ತಿದ್ದೆ. ಇಲ್ಲಿ ಘೋಷಣೆ ಪುರಾವೆಯಲ್ಲ.

ಮಾರ್ಚ್ 9
ಹಾಸನದಲ್ಲಿ ದಿನವಿಡೀ ಕರೆಂಟಿಲ್ಲ. ಕತ್ತಲಲ್ಲಿ ಬೆಳವಣಿಗೆ ನಿಲ್ಲದಿರಲಿ ಅಂತ ಫ್ಲಾಸ್ಕ್‌ಗಳನ್ನು ಟೆರೇಸಿಗೆ ಒಯ್ದೆ. ಊಟಕ್ಕೆ ಹೋದೆ. ಮರೆತೆ. ದಡ್ಡಿ!
ಸಂಜೆ — ಮಾಮೂಲಿಯದು ಹಸಿರು. ನನ್ನದು ಮಾಸಲು ಹಳದಿ.
"ಬಿಸಿಗೆ ಬೆಂದಿದೆ," ಅಂದರು ಸಾರ್.
"ಎರಡೂ ಒಂದೇ ಕಟ್ಟೆ ಮೇಲಿದ್ವು ಸಾರ್. ಒಂದೇ ಯಾಕೆ ಬೆಂದೋಯ್ತು?"
ಹಳದಿ ಫ್ಲಾಸ್ಕ್ ಎತ್ತಿ ಬೆಳಕಿಗೆ ಹಿಡಿದರು.
ನನ್ನ ಊಹೆ: ಟ್ಯೂಬ್‌ಲೈಟಿನ ಮಂಕು ಬೆಳಕಲ್ಲಿ ಯಂತ್ರ ಅಷ್ಟಾಗಿ ಕೆಡುವುದಿಲ್ಲ. ಉರಿಬಿಸಿಲಲ್ಲಿ ಕೆಡುತ್ತದೆ. ರಿಪೇರಿಗೆ ಆ ಪುಟ್ಟದು ಬೇಕು.

ಮಾರ್ಚ್ 10
ಹಳೇಕೋಟೆಯಿಂದ ಅವ್ವನ ಫೋನು. "ಪಾಚಿ ಸತ್ತೋಯ್ತು ಅಂತ ಊಟ ಬುಟ್ಟಿದ್ದೀಯಾ? ನಮ್ಮ ತೊಟ್ಟೀದು ತಿಕ್ಕಿ ತಿಕ್ಕಿ ಕೈ ಬಿದ್ದೋದ್ರೂ ಸಾಯಕಿಲ್ಲ ಕಣವ್ವ. ಒಂದ್ ಚೊಂಬು ಕಳಿಸ್ಲಾ?"
ನಕ್ಕೆ. ಉಂಡೆ.

ಏಪ್ರಿಲ್ 26
ಕಿತ್ತ ಜೀನನ್ನು ಮರಳಿ ಸೇರಿಸಿ ಮೂರನೇ ಪಾಚಿ ಬೆಳೆಸಿದ್ದಾಯಿತು. ಅದು ಬಿಸಿಲಲ್ಲಿ ಹಸಿರಾಗಿಯೇ ಉಳಿದರೆ ಕಾರಣ ಆ ಜೀನೇ ಎಂದಾಯಿತು; ಅಧ್ಯಾಯಕ್ಕೆ ಸಾರ್ ಸಹಿ. ಇಲ್ಲದಿದ್ದರೆ ಇಲ್ಲ.

ಏಪ್ರಿಲ್ 27, ಮಧ್ಯಾಹ್ನ
ಬಿಸಿ ನೆಪವಾಗಬಾರದು. ಮೂರನ್ನೂ ಒಂದೇ ನೀರಿನ ಟಬ್ಬಿನಲ್ಲಿಟ್ಟೆ. ಸಾರ್ ಕೊಡೆ ಹಿಡಿದು ಬಂದರು. ನೆರಳು ನೇರ ಟಬ್ಬಿಗೆ.
"ಸಾರ್, ಆ ಕಡೆ ಹೋಗಿ!"
ಗದರಿಬಿಟ್ಟೆ. ಗೈಡಿಗೆ!
"ಸಾರಿ ಕಣಮ್ಮ." ಕೊಡೆ ಮಡಚಿದರು. ಬೋಳುತಲೆ ಕೆಂಪಾಗಿದೆ. ಟಬ್ಬು ಬಿಸಿಯಾದಾಗೆಲ್ಲ ಅವರೇ ತಣ್ಣೀರು ಹೊತ್ತು ತರುತ್ತಿದ್ದಾರೆ. ಬೇಡವೆಂದರೂ ಕೇಳುತ್ತಿಲ್ಲ.

ಸಂಜೆ
ಮಾಮೂಲಿಯದು ಹಸಿರು. ಕಿತ್ತದ್ದು ಹಳದಿ. ಮೂರನೆಯದು... ನೋಡಲು ಧೈರ್ಯವಿಲ್ಲ. ಬೆನ್ನು ತಿರುಗಿಸಿ ಬರೆಯುತ್ತಿದ್ದೇನೆ. ಸಾರ್ ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ.
"ಯಶೋಧರಾ, ಪೆನ್ ಕೊಡಮ್ಮ."
"ಯಾಕೆ ಸಾರ್?"
"ಸಹಿಗೆ ಕಣಮ್ಮ! ಇನ್ಯಾಕೆ?"
ಇರುವುದು ಇದೊಂದೇ ಪೆನ್ನು. ಕೊಟ್ಟರೆ