ವುಬ್ಬೊನ ಬೆಕ್ಕು ಮತ್ತು ನೀಲಿ ಜ್ವಾಲೆ

ಔಡೆ ಪೆಕೆಲಾ,
ಗುರುವಾರ, 19 ಅಕ್ಟೋಬರ್ 2023

ಪ್ರೀತಿಯ ತಂಗಿ ಅಲೀಡಾ,

ಫೋನ್ ಮಾಡಿದರೆ ನೀನು ನಗುತ್ತೀಯ, ನಾನು ಸಿಟ್ಟು ಬಂದು ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಹದಿನಾಲ್ಕಕ್ಕೆ ಶಾಲೆ ಬಿಡಿಸಿ ರಟ್ಟಿನ ಕಾರ್ಖಾನೆಗೆ ಕಳಿಸಿದ್ದು ಅಪ್ಪ, ನಾನೇನು ಓಡಿಹೋಗಲಿಲ್ಲ.

ವಿಷಯ ಇಷ್ಟೇ. ಪಕ್ಕದ ಮನೆಯ ವುಬ್ಬೊ, ಇಬ್ಬರೂ ಒಂದೇ ಮನೆಯಲ್ಲಿ ಇರೋಣವೇ ಎಂದು ಕೇಳಿದ್ದಾನೆ. ಬರುವ ಭಾನುವಾರ ಕಾಫಿಯ ಹೊತ್ತಿಗೆ ಉತ್ತರ ಕೊಡಬೇಕು. ನಗಬೇಡ ಅಂದೆ. ಎಪ್ಪತ್ತೊಂದು ವರ್ಷ ಯಾವ ಗಂಡಸಿನ ಬೂಟೂ ನನ್ನ ಬಾಗಿಲಲ್ಲಿ ನಿಂತಿರಲಿಲ್ಲ, ನನಗೂ ಗೊತ್ತು. ಆದರೆ ಇದೆಲ್ಲ ಶುರುವಾದದ್ದು ಗ್ಯಾಸಿನಿಂದ. ಬೇರೆ ಯಾವುದರಿಂದಲೂ ಅಲ್ಲ.

ಹೋದ ವರ್ಷ ಗ್ಯಾಸಿನ ದರ ಆಕಾಶಕ್ಕೇರಿತಲ್ಲ, ಆಗಲೇ ನನ್ನ ಕಣ್ಣು ಕೋಣೆ ಬೆಚ್ಚಗಿಡುವ ಗ್ಯಾಸ್ ಹೀಟರಿನ ಮೇಲೆ ಬಿದ್ದಿತ್ತು. ಅದನ್ನು ಆರಿಸಿದರೂ ಹೊಟ್ಟೆಯೊಳಗೆ ಪೈಲಟ್ ಅನ್ನುವ ಕಿರುಬೆರಳಿನಷ್ಟು ನೀಲಿ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಸರಿ, ಗುಂಡಿ ತಿರುಗಿಸಿದರೆ ಅದರಿಂದಲೇ ಹೀಟರು ಹೊತ್ತಿಕೊಳ್ಳಬೇಕು. ಬೇಸಿಗೆಯಲ್ಲಿ ಯಾರಿಗೆ, ದೆವ್ವಕ್ಕೆ? ಈ ಮೇ ತಿಂಗಳಲ್ಲಿ ನನ್ನದನ್ನು ಆರಿಸಿದೆ. ಆಮೇಲೆ ಬೀದಿಯ ಒಂದೊಂದೇ ಮನೆಯ ಗಂಟೆ ಒತ್ತಿದೆ. ಕೆಲವರು ಒಪ್ಪಿ, ಕೆಲವರು ನನ್ನ ಬಾಯಿಗೆ ಹೆದರಿ, ಎಲ್ಲರೂ ಆರಿಸಿದರು. ವುಬ್ಬೊ ಒಬ್ಬನನ್ನು ಬಿಟ್ಟು.

ಅವನು ದೋಣಿಯಲ್ಲೇ ಬದುಕು ಕಳೆದವನು. ಕಾಲುವೆಗಳಲ್ಲಿ ಸರಕು ಸಾಗಿಸುತ್ತಿದ್ದ. ಹೆಂಡತಿ ತೀರಿಹೋದ ಮೇಲೆ ದೋಣಿ ಮಾರಿ ಇಲ್ಲಿಗೆ ಬಂದ, ಮೊಪ್ ಎಂಬ ದಪ್ಪ ಬೆಕ್ಕಿನ ಜೊತೆ.

"ಮೊಪ್ ಮಲಗೋದೇ ಹೀಟರ್ ಮೇಲೆ. ಬೆಕ್ಕಿಗೆ ಬೇಸಿಗೇಲೂ ಚಳಿ ಆಗುತ್ತೆ, ರೂಲ್ಫೀನ್" ಅಂದ.

"ಹಾಗಾದ್ರೆ ಸ್ವೆಟರ್ ಹೆಣೆದು ಹಾಕು."

"ನಂಗೆ ಹೆಣೆಯೋಕೆ ಬರಲ್ಲ. ನೀನು ಹೆಣೆದು ಕೊಡ್ತೀಯಾ?"

ಮೈಯೆಲ್ಲ ಉರಿಯಿತು. ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದೆ, ಮಂಡಿಯೂರಿ ಪೈಲಟನ್ನು ನಾನೇ ಆರಿಸಿ ಬಂದೆ.

ತಣ್ಣಗಾದ ಹೀಟರನ್ನು ಮೊಪ್ ಮೂಸಿ ನೋಡಿತಂತೆ. ನೋಡಿ, ಬೇಲಿ ಹಾರಿ ನನ್ನ ಕಿಟಕಿಯ ಕಟ್ಟೆಗೆ ಬಂದು ಮಲಗಿತು. ಬಿಸಿಲು ಬೀಳುವುದು ನನ್ನ ಕಡೆ ತಾನೇ. ಬೆಕ್ಕಿನ ಹಿಂದೆ ವುಬ್ಬೊ ಬಂದ, "ನನ್ನ ಬೆಕ್ಕು ಕದ್ದಿದ್ದೀಯ" ಅಂತ. ಬಂದವನನ್ನು ಬಾಗಿಲಲ್ಲೇ ನಿಲ್ಲಿಸಲಾಗುತ್ತದೆಯೇ? ಕಾಫಿ ಕೊಟ್ಟೆ. ಕಾಫಿಗೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದೆ, ಅಮ್ಮ ಹಾಕುತ್ತಿದ್ದ ಹಾಗೆ. ಅವನು ಮುಚ್ಚಳ ನೋಡಿದ, ನನ್ನ ಮುಖ ನೋಡಿದ, ಇದ್ದ ಒಂದನ್ನೇ ಕಾಫಿಗೆ ಅದ್ದಿ ತಿಂದ. ಮಾರನೆಯ ದಿನವೂ ಬಂದ. ಬೇಸಿಗೆಯೆಲ್ಲ ಬಂದ. ಊಟದ ಹೊತ್ತಿಗೆ ಬೆಕ್ಕು ತಾನಾಗಿಯೇ ಮನೆಗೆ ಹೋಗುತ್ತಿತ್ತು. ಆದರೂ ಕರೆದುಕೊಂಡು ಹೋಗಲು ಅವನು ಬರಲೇಬೇಕಿತ್ತು.

ಈ ತಿಂಗಳು ಚಳಿ ಹಿಡಿಯಿತು. ನಾನು ನನ್ನ ಪೈಲಟ್ ಹಚ್ಚಿದೆ. ನಿನ್ನದನ್ನೂ ಹಚ್ಚಿಕೋ ಅಂದರೆ, "ನಿನ್ನ ಲೆಕ್ಕದಲ್ಲೇ ನೋಡು. ಇಬ್ಬರಿಗೆ ಒಂದು ಪೈಲಟ್ ಸಾಲಲ್ವಾ?" ಅಂದ. ಆ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅಂದಿನಿಂದ ಸಂಜೆಯೆಲ್ಲ ಇಲ್ಲೇ ಕೂತು ಕಾಲುವೆಯ ಕಥೆ ಹೇಳುತ್ತಾನೆ. ಅರ್ಧ ಸುಳ್ಳು. ಬೈದರೆ ಇನ್ನೂ ದೊಡ್ಡ ಸುಳ್ಳು ಹೇಳುತ್ತಾನೆ. ಹೋದ ಭಾನುವಾರ ಈ ಪ್ರಶ್ನೆ ಕೇಳಿದ.

ತೊಂದರೆ ಏನೆಂದು ನಿನಗೆ ಗೊತ್ತು. ಒಂಟಿಯಾಗಿದ್ದರೆ ಸರ್ಕಾರದ ಪಿಂಚಣಿ ಹೆಚ್ಚು, ಒಂದೇ ಸೂರಿನಡಿ ಬಂದರೆ ಇಬ್ಬರದ್ದೂ ಇಳಿಯುತ್ತದೆ. "ಲೆಕ್ಕ ಹಾಕದೆ ನೀನು ಉತ್ತರ ಕೊಡಲ್ಲ. ಹಾಕು, ಹಾಕಿ ಹೇಳು" ಅಂದ. ಹಾಕಿದೆ. ನಾವಿಬ್ಬರೂ ಒಂದು ತಿಂಗಳಿಗೆ ಕಳೆದುಕೊಳ್ಳುವ ದುಡ್ಡಿನಲ್ಲಿ ಈ ಬೀದಿಯ ಅಷ್ಟೂ ಪೈಲಟ್‌ಗಳನ್ನು ಬೇಸಿಗೆಯೆಲ್ಲ ಉರಿಸಬಹುದು, ಅಲೀಡಾ!

ನೀನು ಏನು ಹೇಳುತ್ತೀಯೆಂದೂ ಗೊತ್ತು. ಎರಡು ಬಾಗಿಲಿಗೆ ಎರಡು ಹೆಸರು ಇರಲಿ, ಅವನು ಹಿತ್ತಿಲಿನಿಂದ ಬಂದು ಹೋಗಲಿ, ಕಚೇರಿಯವರಿಗೆ ಏನು ತಿಳಿಯುತ್ತದೆ? ನನ್ನಿಂದಾಗದು. ಬೀದಿಗೆಲ್ಲ ಬುದ್ಧಿ ಹೇಳಿದವಳು ನಾನು. ನನ್ನ ಕಿಟಕಿಯ ಪರದೆ ರಾತ್ರಿಯೂ ತೆರೆದೇ ಇರುತ್ತದೆ, ಯಾರು ಬೇಕಾದರೂ ನೋಡಲಿ.

ಬೇಡ ಅನ್ನುವುದೆಂದು ತೀರ್ಮಾನಿಸಿದ್ದೆ. ಆದರೆ ನಿನ್ನೆ ಸಂಜೆ ಅವನು ಬರಲಿಲ್ಲ, ಬೆಕ್ಕೂ ಬರಲಿಲ್ಲ. ಹೀಟರು ಉರಿಯುತ್ತಿತ್ತು, ಕೋಣೆ ಬೆಚ್ಚಗಿತ್ತು. ಒಬ್ಬಳಿಗೋಸ್ಕರ ಇಷ್ಟೊಂದು ಗ್ಯಾಸು ದಂಡವಲ್ಲವೇ ಅನ್ನಿಸಿತು. ಎದ್ದು ಹೋಗಿ ನೋಡಿದರೆ, ನೆಗಡಿಯಾಗಿದೆಯಂತೆ, ತಣ್ಣಗಿನ ಹೀಟರಿನ ಮುಂದೆ ಕೋಟು ಹಾಕಿಕೊಂಡು ಕೂತಿದ್ದಾನೆ. ಕೋಟಿನೊಳಗಿಂದ ಮೊಪ್ ತಲೆ ಹೊರಹಾಕಿದೆ.

"ಹಚ್ಚಿಕೊಳ್ಳೋಕಾಗಲ್ವಾ, ಮುಠ್ಠಾಳ?"

"ಆರಿಸಿದವಳು ನೀನು. ಹಚ್ಚಬೇಕಾದವಳೂ ನೀನೇ ಅಲ್ವಾ?"

ಇಬ್ಬರನ್ನೂ ಎಳೆದುಕೊಂಡು ಬಂದೆ. ಬಟಾಣಿ ಸೂಪು ಬಿಸಿ ಮಾಡಿ ಕೊಟ್ಟೆ. ಆಮೇಲೆ ಕಾಫಿ. ಬಿಸ್ಕತ್ತಿನ ಡಬ್ಬಿ ತೆರೆದಿಟ್ಟೆ, ಮುಚ್ಚಳ ಹಾಕಲಿಲ್ಲ. ಅವನು ಒಂದು ತಿಂದ. ಡಬ್ಬಿ ನೋಡಿದ. ಮೆಲ್ಲಗೆ ಇನ್ನೊಂದು ತೆಗೆದುಕೊಂಡ.

"ಇದೇ ಉತ್ತರಾನಾ?" ಅಂದ.

"ಭಾನುವಾರ ಅಂದಿದ್ದಲ್ವಾ? ಭಾನುವಾರ ಬಾ. ಈಗ ಮೂಗು ಒರೆಸ್ಕೋ" ಅಂದೆ.

ಈ ಕಾಗದವನ್ನು ಅವನಿಗೆ ಉತ್ತರ ಕೊಟ್ಟಾದ ಮೇಲೆ, ಸೋಮವಾರ ಅಂಚೆಗೆ ಹಾಕುತ್ತೇನೆ, ಹಾಗಾಗಿ ಬುದ್ಧಿ ಹೇಳುವ ಶ್ರಮ ನಿನಗೆ ಬೇಡ. ಅದರ ಮುಂದಿನ ಶನಿವಾರ ಗಂಡನನ್ನೂ ಕರೆದುಕೊಂಡು ಬಾ, ವುಬ್ಬೊನ ಮಂಚ, ಕುರ್ಚಿ ಸಾಗಿಸಬೇಕು. ಬರುವಾಗ ಬಿಸ್ಕತ್ತು ತಾ. ಇಲ್ಲಿ ಬೇಗ ಖಾಲಿಯಾಗುತ್ತಿದೆ.

ಎಷ್ಟು ಬೈದರೂ ನಿನ್ನವಳೇ ಆದ,
ಅಕ್ಕ ರೂಲ್ಫೀನ್

ತಾ.ಕ.: ಮುಂದಿನ ಮೇ ತಿಂಗಳಲ್ಲಿ ನಮ್ಮ ಪೈಲಟ್ ಆರಿಸುವುದಿಲ್ಲ. ಬೆಕ್ಕಿಗೆ ಬೇಸಿಗೆಯಲ್ಲೂ ಚಳಿಯಾಗುತ್ತದೆ. ನಮ್ಮ ಬೀದಿಯವರಿಗೆ ಬಾಯಿಬಿಟ್ಟೆಯೋ, ನೋಡು ಮತ್ತೆ.