ಪಟ್ಟಿಯಲ್ಲಿ ಇಲ್ಲದ ಮಂಗನ ಕಾಯಿಲೆ

ಪುಣೆ, ೧೨-೧-೮೭

ಹೊಸನಗರದ ಅತ್ತಿಗೆಗೆ ಗುಲಾಬಿಯ ನಮಸ್ಕಾರ.

ಸಾಗರದ ಆಸ್ಪತ್ರೆಯಿಂದ ಇಲ್ಲಿಯ ಪ್ರಯೋಗಾಲಯಕ್ಕೆ ತರಬೇತಿಗೆ ಬಂದು ವಾರವಾಯಿತು. ಕಂಪ್ಯೂಟರನ್ನು ಮೊದಲ ಸಲ ಕಂಡೆ. ಲೋಕದ ವಿಜ್ಞಾನಿಗಳು ಓದಿದ ರೋಗಾಣುಗಳ ವಂಶವಾಹಿಯ ಅಕ್ಷರಗಳನ್ನೆಲ್ಲ ಪರದೇಶದಲ್ಲಿ ಒಂದೇ ಪಟ್ಟಿಯಲ್ಲಿ ಸೇರಿಸಿ, ಯಾರು ಕೇಳಿದರೂ ಕಂಪ್ಯೂಟರ್ ಟೇಪಿನಲ್ಲಿ ಕಳಿಸುತ್ತಾರಂತೆ. ನಾಲ್ಕೇ ಅಕ್ಷರಗಳು ಪರದೆಯ ತುಂಬ ಇರುವೆಸಾಲಿನಂತೆ ಹರಿಯುತ್ತವೆ.

ನಮ್ಮ ಮಂಗನ ಕಾಯಿಲೆಯನ್ನು ಹುಡುಕಿಸಿದೆ. ಇರಲಿಲ್ಲ. "ಅದನ್ನ ಇನ್ನೂ ಯಾರೂ ಓದಿಲ್ಲವ್ವಾ. ಓದಾಕ ರೋಗಿ ರಕ್ತದಾಗಿನ ವೈರಸ್ ಬೇಕು" ಎಂದರು ನನಗೆ ಕಲಿಸುವ ಧಾರವಾಡದ ಕಡೆಯ ಡಾಕ್ಟರಮ್ಮ.

ರೋಗಿಗಳ ರಕ್ತ ಕಾಪಿಡುವ ಶೀತಪೆಟ್ಟಿಗೆಯ ರಿಜಿಸ್ಟರಿನಲ್ಲಿ, ಅಣ್ಣ ಆ ಕಾಯಿಲೆಯಿಂದ ತೀರಿಕೊಂಡ ವಾರದ ತಾರೀಖನ್ನೂ ನಮ್ಮೂರ ಹೆಸರನ್ನೂ ಅಣ್ಣನ ವಯಸ್ಸನ್ನೂ ಕಂಡು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. "ರಕ್ತ ತಗಂಡು ಹೋದ್ರು, ಮತ್ತೆ ಒಬ್ರೂ ತಿರುಗಿ ನೋಡ್ಲಿಲ್ಲ" ಎಂದು ನೀವು ಅತ್ತಿದ್ದಿರಲ್ಲ, ಆ ರಕ್ತ ಇಲ್ಲಿ ಜೋಪಾನವಾಗಿದೆ.

"ಇದು ನಮ್ಮಣ್ಣಂದು" ಎಂದೆ. ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರು. "ಇದನ್ನ ಓದಾಕ ಶುರು ಮಾಡ್ಲೇನವ್ವಾ?" ಎಂದು ನನ್ನನ್ನೇ ಕೇಳಿದರು. ನಿಮ್ಮನ್ನು ಕೇಳದೆ ಹೂಂ ಅಂದುಬಿಟ್ಟೆ.

ಓದಿ ಮುಗಿಸಲು ವರ್ಷಗಳೇ ಹಿಡಿಯಬಹುದಂತೆ. ಮಂಗ ಸತ್ತ ಕಡೆ ಕಾಡಿಗೆ ಸೊಪ್ಪು ತರಲು ಹೋಗಬೇಡಿ. ಮಗುವಿಗೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ನಾನು ಕ್ಷೇಮ. ಓದಿದ್ದು ಪರದೇಶದ ಆ ಪಟ್ಟಿಗೆ ಸೇರಿದರೂ ಕಾಯಿಲೆಯ ಹೆಸರಷ್ಟೇ ಇರುತ್ತದೆ, ಅಣ್ಣನ ಹೆಸರು ಬರುವುದಿಲ್ಲ. ನಾನು ಮಾಡಿದ್ದು ತಪ್ಪೆನಿಸಿದರೆ ಕೂಡಲೇ ಬರೆಯಿರಿ, ನಿಲ್ಲಿಸಲು ಹೇಳುತ್ತೇನೆ.

ಗುಲಾಬಿ