ಅಪ್ಪ ಕಟ್ಟಿದ ಕಾಲು

13-6-83, ಸೋಮವಾರ

ಬೆಳಿಗ್ಗೆ ಮತ್ತೆ ಅದೇ ಪಟ್ಟು. ಮೊಟ್ಟೆಯ ಬಿಳಿ, ಅರೆದ ಸೊಪ್ಪು, ಮೇಲೆ ಹಳೇ ಪಂಚೆ ಚೂರು. ಎಡಗಾಲಿನ ಹರಡು ಊದಿ ಕ್ಯಾನ್ವಾಸ್ ಶೂಗೆ ಹೋಗ್ತಿಲ್ಲ. ಪ್ರೇಯರ್‌ನಲ್ಲಿ ಮುಂದಿನ ಸಾಲಿನ ಹುಡುಗಿಯರು ಮೂಗು ಮುಚ್ಚಿಕೊಂಡರು. ಊರಿಗೆಲ್ಲ ಮೂಳೆ ಕಟ್ಟೋ ಹುಚ್ಚರಂಗಯ್ಯನ ಮಗಳು, ಹೈಸ್ಕೂಲಿನ ಡ್ರಿಲ್ ಟೀಚರ್, ವಾಸನೆ ಹೊಡೀತಾ ಕುಂಟ್ತಾಳೆ. ಚೆನ್ನಾಗಿದೆ.

ಅಪ್ಪನ ಪ್ರಕಾರ ಇದು ವಾಯು. ಹೊಂಬಾಳಮ್ಮ ಅತ್ತಿಗೆ ಪ್ರಕಾರ ಬದನೆಕಾಯಿ. ಬದನೆಕಾಯಿ ಬಿಟ್ಟು ಮೂರು ತಿಂಗಳಾಯ್ತು. ಆಲೂಗಡ್ಡೆ, ಅವರೆಕಾಳು ಕೂಡ ನಿಂತವು. ಇನ್ನು ಉಳಿದಿರೋದು ಮುದ್ದೆ, ಉಪ್ಪು. ನಾಳೆ ಅದಕ್ಕೂ ಏನಾದ್ರೂ ಹೇಳ್ತಾರೆ.

17-6, ಶುಕ್ರವಾರ

ಖೋ ಖೋ ಪ್ರಾಕ್ಟೀಸ್. ಆಗಸ್ಟ್‌ನಲ್ಲಿ ತಾಲ್ಲೂಕು ಪಂದ್ಯ. ಕಂಬ ಹಿಡಿದು ತಿರುಗೋದು ಹೇಗೆ ಅಂತ ತೋರಿಸೋಕೆ ಹೋದೆ — ಕಾಲು ನಿಲ್ಲಲಿಲ್ಲ. ಮಣ್ಣಲ್ಲಿ ಕೂತೆ. ಎಂಟನೇ ಕ್ಲಾಸಿನ ರಂಗಮ್ಮ ಓಡಿ ಬಂದಳು. ಟೀಮಿನಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. "ಮಿಸ್, ನೀವು ಕೂತ್ಕಂಡೇ ಹೇಳಿ, ನಾನು ಮಾಡಿ ತೋರಿಸ್ತೀನಿ" ಅಂದಳು.

ನಲವತ್ತೆರಡಕ್ಕೇ ಕೂತ್ಕಂಡು ಹೇಳೋ ಡ್ರಿಲ್ ಟೀಚರ್!

ಹೆಡ್‌ಮಾಸ್ಟರು: "ವಯಸ್ಸಾಯ್ತಲ್ಲಮ್ಮ, ಹೊಲಿಗೆ ಕ್ಲಾಸ್ ತಗೊಳ್ಳಿ." ಅವರಿಗೆ ಐವತ್ತಾರು. ಅವರು ಯಾವ ಕ್ಲಾಸ್ ತಗೋತಾರೋ.

25-6, ಶನಿವಾರ, ಸಂಜೆ

ಮನೆಯಲ್ಲಿ ಹೇಳದೆ ತಿಪಟೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಫಿಲ್ಮನ್ನ ಬೆಳಕಿಗೆ ಹಿಡಿದು ಮೊದಲು ಕೇಳಿದ್ದು — "ಇದು ಯಾವಾಗ ಮುರಿದಿತ್ತು?"

ಹದಿನಾರನೇ ವಯಸ್ಸಲ್ಲಿ. ಕಾಯಿ ತುಂಬಿದ ಗಾಡಿಯಿಂದ ಹಾರಿ. ಎರಡೇ ತಿಂಗಳಿಗೆ ಓಡಾಡಿದೆ. ಆಮೇಲೆ ಇಪ್ಪತ್ತಾರು ವರ್ಷ ಓಡಿದ್ದೀನಿ, ಹಾರಿದ್ದೀನಿ. ಅದಕ್ಕೂ ಇದಕ್ಕೂ ಏನು ಸಂಬಂಧ?

"ಸಂಬಂಧ ಇದೆ. ಮೂಳೆ ನಡುವೆ ಮುರಿದು ನೆಟ್ಟಗೆ ಕೂಡಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಮ್ಮದು ಕೀಲಿನ ಒಳಗೇ ಸೀಳಿದೆ. ಕೂಡುವಾಗ ಒಂದು ಚೂರು ಮೇಲೆ ನಿಂತುಬಿಟ್ಟಿದೆ, ಹೊಸ್ತಿಲ ಹಾಗೆ. ಹೆಜ್ಜೆ ಇಟ್ಟಾಗಲೆಲ್ಲ ಅಲ್ಲೇ ಉಜ್ಜಿ ಉಜ್ಜಿ ಕೀಲು ಸವೆದಿದೆ. ಆರ್ಥ್ರೈಟಿಸ್."

ವಾಸಿ ಆಗುತ್ತಾ? ಪೂರ್ತಿ ಇಲ್ಲ. ನೋವಿಗೆ ಮಾತ್ರೆ. ಹಾರೋದು ಬಂದ್.

"ಯಾರು ಕಟ್ಟಿದ್ದು?"

"ಯಾರೋ ಹಳ್ಳಿಯವರು" ಅಂದೆ.

ಯಾರೋ ಹಳ್ಳಿಯವರು...

26-6, ಭಾನುವಾರ

ಫಿಲ್ಮ್ ಟ್ರಂಕಿನಲ್ಲಿದೆ, ಸೀರೆಗಳ ಕೆಳಗೆ. ಅಪ್ಪನಿಗೆ ಎಪ್ಪತ್ತೆಂಟು. ಮರದಿಂದ ಬಿದ್ದವರನ್ನ ಶೆಟ್ಟಿಕೆರೆ ಕಡೆಯಿಂದಲೂ ಹೊತ್ತು ತರ್ತಾರೆ. ಯಾರ ಹತ್ರವೂ ಏನೂ ತಗೊಂಡವನಲ್ಲ. ಅವನಿಗೆ ಹೋಗಿ ಹೇಳಲಾ? ಹೇಳದಿದ್ರೆ ದಿನಾ ಸೊಪ್ಪು. ಇವತ್ತೂ ಕಟ್ಟಿದ. "ಒಸಿ ಹಗುರ ಆಯ್ತೇನವ್ವ?" ಹೂಂ ಅಂದೆ. ನನ್ನ ಕೆನ್ನೆಗೆ ನಾನೇ ಬಾರಿಸ್ಕೋಬೇಕು ಅನ್ನಿಸ್ತು.

19-7, ಮಂಗಳವಾರ



ಪ್ರಾಕ್ಟೀಸಿನಲ್ಲಿ ರಂಗಮ್ಮ ಕೈಯೂರಿ ಬಿದ್ದಳು. ಮೊಣಕೈ ಒಂದೇ ಕ್ಷಣಕ್ಕೆ ಊದಿಕೊಂಡಿತು. ನಾನು ಕುಂಟ್ತಾ ಹೋಗಿ ಬಸ್ಸು ವಿಚಾರಿಸೋ ಹೊತ್ತಿಗೆ ಅವಳ ತಾಯಿ ಭೂತಮ್ಮ ಬಂದು ಕರ್ಕೊಂಡು ಹೋಗಿಯಾಗಿತ್ತು. ಎಲ್ಲಿಗೆ? ನಮ್ಮನೆಗೇ!

ಜಗಲಿ ತುಂಬ ಜನ. ಅಪ್ಪ ಬಿದಿರು ದಬ್ಬೆ ಜೋಡಿಸಿ ಇಟ್ಟಿದ್ದ.

"ಅಪ್ಪ, ಮುಟ್ಟಬ್ಯಾಡ."

"ಏನಂದೆ?"

"ಕೀಲಿನೊಳಗೆ ಮುರಿದಿದ್ರೆ? ತಿಪಟೂರಿಗೆ ಕರ್ಕೊಂಡು ಹೋಗ್ತೀನಿ."

ಭೂತಮ್ಮ ಅಡ್ಡ ಬಂದಳು. "ಅಜ್ಜಯ್ಯನ ಕೈಗುಣ ಇರುವಾಗ ಆಸ್ಪತ್ರೆ ಯಾಕೆ ಟೀಚರಮ್ಮ? ಅಲ್ಲಿ ಕೈಯೇ ಕತ್ತರಿಸ್ತಾರಂತೆ."

ತಡೆಯೋಕೆ ಆಗಲಿಲ್ಲ. ಒಳಗೆ ಹೋಗಿ ಫಿಲ್ಮ್ ತಂದು ಅವಳ ಮುಖಕ್ಕೇ ಹಿಡಿದೆ. "ನೋಡು, ನನ್ನ ಕಾಲು. ಇದೂ ಅಪ್ಪನೇ ಕಟ್ಟಿದ್ದು. ಇವಳ ವಯಸ್ಸಲ್ಲಿ ನಾನೂ ಕುಣೀತಿದ್ದೆ. ಈಗ ನೋಡು."

ಅಪ್ಪ ಫಿಲ್ಮ್ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಹುಡುಗಿಯ ಕೈಗೆ ಜೋಳಿಗೆ ಥರ ಕಟ್ಟಿ ಕೊರಳಿಗೆ ಹಾಕಿದ. "ಕರ್ಕಂಡೋಗು. ಮೂರೂವರೆ ಬಸ್ಸು ಐತೆ."

21-7, ಗುರುವಾರ

ತಿಪಟೂರಿನವರು ತುಮಕೂರಿಗೆ ಕಳಿಸಿದ್ರು, ರಂಗಮ್ಮನಿಗೆ ಅಲ್ಲೇ ಆಪರೇಷನ್ ಆಯ್ತು. ಕೀಲಿನೊಳಗೇ ಮುರಿದಿತ್ತಂತೆ. ತಂತಿ ಹಾಕಿ ಕೂರಿಸಿದ್ದಾರೆ.

ಅಪ್ಪ ಮಾತಾಡ್ತಿಲ್ಲ. ಅತ್ತಿಗೆ: "ಹೆತ್ತಪ್ಪನ ಮರ್ಯಾದೆ ಜಗಲಿ ಮೇಲೆ ತೆಗೆದೆಯಲ್ಲೇ." ಹೌದು, ತೆಗೆದೆ. ಇನ್ನೇನು ಮಾಡ್ಬೇಕಿತ್ತು? ಆ ಹುಡುಗಿ ಜೀವಮಾನವೆಲ್ಲ ಸೊಟ್ಟ ಕೈ ಇಟ್ಕೊಂಡು ಇರಬೇಕಿತ್ತಾ?

ಇವತ್ತು ನನಗೆ ಸೊಪ್ಪು ಕಟ್ಟಲಿಲ್ಲ. ಅದಕ್ಕೂ ಸಿಟ್ಟು ಬಂತು.

14-8, ಭಾನುವಾರ

ರಂಗಮ್ಮ ಇಲ್ಲದೆ ಮೊದಲನೇ ಆಟಕ್ಕೇ ಸೋತು ಬಂದೆವು. ಹೋಗಲಿ. ಅವಳ ಮೊಣಕೈ ಮಡಚೋಕೆ ಶುರುವಾಗಿದೆ.

ಇವತ್ತು ಅಪ್ಪ ಬಾಯಿ ಬಿಟ್ಟ. "ಆ ಫಿಲಂ ತಗಂಬಾ." ಅಂಗಳದಲ್ಲಿ ನಿಂತು ಬಿಸಿಲಿಗೆ ಹಿಡಿದ. ನಾನು ತೋರಿಸೋದಕ್ಕೆ ಮೊದಲೇ ಆ ಹೊಸ್ತಿಲಿನಂಥ ಜಾಗದ ಮೇಲೆ ಬೆರಳಿಟ್ಟ.

"ಇದು ಅವತ್ತೇ ಗೊತ್ತಿತ್ತು ಕಣವ್ವ. ಮೂರನೇ ಕಟ್ಟು ಬಿಚ್ಚಿದಾಗಲೇ ಕೈಗೆ ಸಿಕ್ತು. ತಿರುಗಾ ಮುರಿದು ಕೂರಿಸಬೇಕಿತ್ತು. ಬೇರೆ ಯಾರ ಮಕ್ಳಾಗಿದ್ರೂ ಮುರೀತಿದ್ದೆ. ನೀನು ಆಗ ತಾನೇ ನಗ್ತಾ ಕಾಲೂರಿದ್ದೆ... ಕೈ ಬರನಿಲ್ಲ."

ಇಪ್ಪತ್ತಾರು ವರ್ಷ! ವಾಯು ಅಂದ. ಪಥ್ಯ ಅಂದ. ಎಲ್ಲಾ ಗೊತ್ತಿದ್ದೂ! ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತಿಗೆ ಒಲೆ ಬಿಟ್ಟು ಓಡಿ ಬಂದ್ರು. ಅಪ್ಪ ತಲೆ ಬಗ್ಗಿಸ್ಕೊಂಡು ಕೇಳಿಸ್ಕೊಂಡ. ಒಂದೂ ಎದುರಾಡಲಿಲ್ಲ. ಆಡಿದ್ರೆ ಚೆನ್ನಾಗಿತ್ತು.

16-8, ಮಂಗಳವಾರ, ಸಂಜೆ

ಎರಡು ದಿನದಿಂದ ಮಾತು ಬಿಟ್ಟಿರೋದು ನಾನು. ನಿನ್ನೆ ಧ್ವಜವಂದನೆಗೆ ನಿಂತು ನಿಂತು ಕಾಲು ಕಂಬ ಆಗಿದೆ.

ಈಗ ತಾನೇ ಅಪ್ಪ ಬಿಸಿನೀರು ತಂದು ಎದುರಿಗೆ ಕೂತ. ಸೊಪ್ಪಿಲ್ಲ, ಮೊಟ್ಟೆ ಇಲ್ಲ. ಕೈಯಲ್ಲಿ ಒಂದು ಎಲಾಸ್ಟಿಕ್ ಬ್ಯಾಂಡೇಜು. ತಾನೇ ತಿಪಟೂರಿಗೆ ಹೋಗಿ, ಡಾಕ್ಟರನ್ನ ಕೇಳಿ ತಂದನಂತೆ. ಈ ವಯಸ್ಸಲ್ಲಿ, ಆ ಬಸ್ಸಿನಲ್ಲಿ! "ಹೆಂಗೆ ಸುತ್ತಬೇಕು ಅಂತ ತೋರಿಸಿದ್ರು. ಮರ್ತೋಯ್ತು. ನಿಂಗೆ ಗೊತ್ತಾ?"

ಊರೂರಿಗೆ ಕಟ್ಟು ಹಾಕಿದವನು ನನ್ನನ್ನ ಕೇಳ್ತಿದ್ದಾನೆ. ಫಸ್ಟ್ ಏಡ್ ಕ್ಲಾಸಿನಲ್ಲಿ ಕಲಿತಿದ್ದನ್ನ ತೋರಿಸಿದೆ. ತಪ್ಪಾಗಿ ಸುತ್ತಿದ. ಬಿಚ್ಚಿದೆ. ಮತ್ತೆ ಸುತ್ತಿದ.

ಸಿಟ್ಟು ಇಳಿದಿಲ್ಲ. ಇಳಿಯೋದೂ ಇಲ್ಲ. ನೆಮ್ಮದಿಯಾಗಿ ನಾಲ್ಕು ಸಾಲು ಬರೆಯೋಕೂ ಬಿಡ್ತಿಲ್ಲ. ಜಗಲಿಯಿಂದ ಇದು ಮೂರನೇ ಸಲ ಕೂಗ್ತಿದ್ದಾನೆ, ಬಿಗಿ ಆಯ್ತೇನವ್ವ, ಸಡಿಲ ಮಾಡ್ಲಾ ಅಂತ. ಬಿಗಿ ಆಗಿಲ್ಲ. ಸರಿಯಾಗೇ ಕಟ್ಟಿದ್ದೀ ಕಣಪ್ಪ, ಈ ಸಲ... ಇರು, ಬಂದೆ—